ಬಾನೆಟ್ ತೆಗೆದರೂ ಗೊತ್ತಾಗದಂತೆ ಡೀಸೆಲ್ ಕಾರಿನ ಏರ್ ಇನ್‌ಟೇಕ್ ಸುಧಾರಿಸುವುದು ಹೇಗೆ

ಹಳೇ ಸ್ವಿಫ್ಟ್ ಅಥವಾ ಡಿಸೈರ್ ಡೀಸೆಲ್ ಇಟ್ಟುಕೊಂಡವರ ದೂರು ಹೆಚ್ಚು ಕಡಿಮೆ ಒಂದೇ ಥರ ಇರುತ್ತದೆ: "ಮೊದಲಿನ ಪಿಕಪ್ ಇಲ್ಲ." ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಎರಡನೇ ಗೇರಿಗೆ ಹಾಕಿ ಎಷ್ಟು ಒತ್ತಿದರೂ ಗಾಡಿ ಏಳುವುದಿಲ್ಲ. ಓವರ್‌ಟೇಕ್ ಮಾಡಲು ಹೋದರೆ ಹಿಂದೆ ಕಪ್ಪು ಹೊಗೆ. ಆಗ ಯಾರಾದರೊಬ್ಬರು ಡಬ್ಬಿಯಿಲ್ಲದೆ ತೆರೆದೇ ಕೂರುವ ಕೋನ್ ಫಿಲ್ಟರ್ ಹಾಕಿಸಲು ಸಲಹೆ ಕೊಡುತ್ತಾರೆ. ಕಂಪನಿಯ ಡಬ್ಬಿ ಬಿಚ್ಚಿ ಮೂಲೆಗೆ ಹೋಗುತ್ತದೆ. ಅದರ ಜಾಗದಲ್ಲಿ ಕೆಂಪು ಬಣ್ಣದ ಫಿಲ್ಟರ್ ಕೂರುತ್ತದೆ. ಗಾಡಿ ಸುಯ್ ಎಂದು ಶಬ್ದ ಮಾಡುತ್ತದೆ, ಓಟ ಮಾತ್ರ ಹಾಗೇ ಇರುತ್ತದೆ.

ನಾನು ಹೇಳುವುದು ಬೇರೆ ದಾರಿ. ಕಂಪನಿಯ ಏರ್ ಫಿಲ್ಟರ್ ಡಬ್ಬಿ ಅಲ್ಲೇ ಇರಲಿ. ಅದಕ್ಕೆ ತಣ್ಣನೆಯ ಗಾಳಿ ಬರಬೇಕು, ಬಂದ ಗಾಳಿ ಎಲ್ಲೂ ಸೋರಬಾರದು, ಗಾಳಿ ಅಳೆಯುವ ಸೆನ್ಸರ್ ಸರಿಯಾಗಿ ಅಳೆಯಬೇಕು. ಈ ಮೂರು ಕೆಲಸ ಮಾಡಿದರೆ ಸಾಕು. ಹೊರಗಿನಿಂದ ಏನೂ ಕಾಣುವುದಿಲ್ಲ, ಶಬ್ದ ಜಾಸ್ತಿಯಾಗುವುದಿಲ್ಲ. ಎಮಿಷನ್ ಟೆಸ್ಟಿನಲ್ಲೂ ತೊಂದರೆ ಬರುವುದಿಲ್ಲ.

ಉದಾಹರಣೆಗೆ ಫಿಯೆಟ್‌ನ 1248 ಸಿಸಿ ಮಲ್ಟಿಜೆಟ್ ಎಂಜಿನ್ ತೆಗೆದುಕೊಂಡಿದ್ದೇನೆ. ಸ್ವಿಫ್ಟ್‌ನಲ್ಲಿ ಇದು 2007ರಲ್ಲಿ ಬಂತು. ಆಮೇಲೆ ಡಿಸೈರ್, ರಿಟ್ಜ್, ಎರ್ಟಿಗಾ, ಪುಂಟೊ, ಲೀನಿಯಾ, ಟಾಟಾ ವಿಸ್ಟಾ, ಮಾಂಝಾಗಳಿಗೂ ಹೋಯಿತು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದಾಗ ಮಾರುತಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ನಿಮ್ಮದು ಬೇರೆ ಟರ್ಬೋ ಡೀಸೆಲ್ ಆಗಿದ್ದರೂ ಲೆಕ್ಕ ಇದೇ. ಪೈಪುಗಳ ಜಾಗ ಮಾತ್ರ ಬದಲಾಗುತ್ತದೆ.

ಮೊದಲು ಇಷ್ಟು ತಿಳಿದಿರಲಿ

ಪೆಟ್ರೋಲ್ ಎಂಜಿನ್‌ನಲ್ಲಿ ಗಾಳಿ ಜಾಸ್ತಿ ಹೋದರೆ ಅದಕ್ಕೆ ತಕ್ಕಷ್ಟು ಪೆಟ್ರೋಲೂ ಹೋಗುತ್ತದೆ. ಡೀಸೆಲ್‌ನಲ್ಲಿ ಹಾಗಿಲ್ಲ. ಅಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಗಾಳಿ ಯಾವಾಗಲೂ ಇರುತ್ತದೆ. ಶಕ್ತಿ ಎಷ್ಟು ಬರಬೇಕು ಎಂದು ತೀರ್ಮಾನಿಸುವುದು ಡೀಸೆಲ್ ಎಷ್ಟು ಚಿಮ್ಮುತ್ತದೆ ಎಂಬುದು. ಅದನ್ನು ನಿರ್ಧರಿಸುವುದು ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್. ಹಾಗಾಗಿ ಎಲ್ಲ ಸರಿಯಿರುವ ಗಾಡಿಗೆ ಬರೀ ಫಿಲ್ಟರ್ ಬದಲಿಸಿದರೆ 75 ಕುದುರೆ ಶಕ್ತಿ 85 ಆಗುವುದಿಲ್ಲ. ಹಾಗೆ ಆಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಆದರೆ ಇದರ ಇನ್ನೊಂದು ಮುಖ ಇದೆ. ಗಾಳಿ ಕಡಿಮೆ ಬರುತ್ತಿದೆ ಅಂತ ಇಸಿಯುಗೆ ಗೊತ್ತಾದರೆ ಅದು ಡೀಸೆಲ್ ಕಡಿಮೆ ಮಾಡುತ್ತದೆ. ಕಪ್ಪು ಹೊಗೆ ಬರಬಾರದು ಅಂತ ಕಂಪನಿಯವರೇ ಇಟ್ಟ ಮಿತಿ ಅದು. ಫಿಲ್ಟರ್ ಕಟ್ಟಿಕೊಂಡರೂ, ಬಿಸಿ ಗಾಳಿ ಹೋದರೂ, ಸೆನ್ಸರ್ ಕೊಳೆಯಾಗಿ ತಪ್ಪು ಲೆಕ್ಕ ಕೊಟ್ಟರೂ ಈ ಮಿತಿ ಬೇಗ ಅಡ್ಡ ಬರುತ್ತದೆ. ಹತ್ತು ಹನ್ನೆರಡು ವರ್ಷ ಓಡಿದ ಗಾಡಿಯಲ್ಲಿ ಇವುಗಳಲ್ಲಿ ಒಂದೆರಡು ಇದ್ದೇ ಇರುತ್ತವೆ. ಕಳೆದುಕೊಂಡದ್ದನ್ನು ವಾಪಸ್ ತರುವುದೇ ನಮ್ಮ ಕೆಲಸ. ಮಾಡಿದರೆ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ.

ಗಾಳಿ ಎಷ್ಟು ಬೇಕು ಗೊತ್ತಾ? 3000 ಆರ್‌ಪಿಎಂನಲ್ಲಿ ಗಾಳಿಯನ್ನು ಒತ್ತಿ ತುಂಬುವ ಟರ್ಬೋ ಇಲ್ಲದೆಯೇ ಈ ಎಂಜಿನ್‌ನ ಲೆಕ್ಕ ನಿಮಿಷಕ್ಕೆ ಸುಮಾರು 1,870 ಲೀಟರ್. ಟರ್ಬೋ ಒತ್ತಡ ಏರಿದಾಗ ಅದು ಎರಡು ಪಟ್ಟಿನ ಹತ್ತಿರ ಹೋಗುತ್ತದೆ. ಇಷ್ಟೂ ಗಾಳಿ ಒಂದು ಸಣ್ಣ ಪ್ಲಾಸ್ಟಿಕ್ ಬಾಯಿಯಿಂದ ಒಳಗೆ ಬರಬೇಕು.

ಗಾಳಿ ಹೋಗುವ ಹಾದಿ ಹೀಗಿದೆ. ಗ್ರಿಲ್ ಹಿಂದಿನ ಅಥವಾ ಫೆಂಡರ್ ಪಕ್ಕದ ಡಕ್ಟ್, ಅಲ್ಲಿಂದ ಫಿಲ್ಟರ್ ಡಬ್ಬಿ, ಡಬ್ಬಿಯ ಬಾಯಲ್ಲಿ ಗಾಳಿ ಅಳೆಯುವ ಸೆನ್ಸರ್. ಇದನ್ನು ಮೆಕ್ಯಾನಿಕ್‌ಗಳು ಮಾಫ್ ಸೆನ್ಸರ್ ಅನ್ನುತ್ತಾರೆ. ಅಲ್ಲಿಂದ ರಬ್ಬರ್ ಪೈಪ್ ಮೂಲಕ ಟರ್ಬೋಗೆ. ನಿಮ್ಮ ಗಾಡಿಯಲ್ಲಿ ಇಂಟರ್‌ಕೂಲರ್ (ಟರ್ಬೋದಿಂದ ಬಂದ ಬಿಸಿ ಗಾಳಿಯನ್ನು ತಣ್ಣಗೆ ಮಾಡುವ ಭಾಗ) ಇದ್ದರೆ ಅದರ ಮೂಲಕ, ಇಲ್ಲದಿದ್ದರೆ ನೇರವಾಗಿ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್‌ಗೆ. ಕೆಲಸ ಶುರು ಮಾಡುವ ಮೊದಲು ಬಾನೆಟ್ ತೆಗೆದು ಈ ದಾರಿಯನ್ನು ಕೈಯಿಂದ ಮುಟ್ಟಿ ನೋಡುತ್ತಾ ಹೋಗಿ. ಎಂಜಿನ್ ತಣ್ಣಗಿರಲಿ. ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ವಾಪಸ್ ಜೋಡಿಸುವಾಗ ಯಾವ ಪೈಪ್ ಎಲ್ಲಿತ್ತು ಅಂತ ತಲೆ ಕೆಡಿಸಿಕೊಳ್ಳುವುದು ತಪ್ಪುತ್ತದೆ.

ಕಾನೂನು ಏನನ್ನುತ್ತದೆ

ಬೇಗ ಹೇಳಿ ಮುಗಿಸುತ್ತೇನೆ, ಆದರೆ ಬಿಡುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರಗಳಿಗೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಸೇರಿಸಿದರು. ಆದ್ದರಿಂದ ಇಲ್ಲಿ "ಗೊತ್ತಾಗದಂತೆ" ಅಂದರೆ ತಪ್ಪನ್ನು ಮುಚ್ಚಿಡುವುದಲ್ಲ. ಗಾಡಿ ಕಂಪನಿಯಿಂದ ಬಂದ ಸ್ಥಿತಿಯಲ್ಲೇ ಇರುತ್ತದೆ, ಕೆಲಸ ಮಾತ್ರ ಚೆನ್ನಾಗಿ ಮಾಡುತ್ತದೆ. ಇಜಿಆರ್ (ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್ ಒಳಗೆ ಬಿಡುವ ವಾಲ್ವ್) ಮುಚ್ಚುವುದು, ಬಿಎಸ್6 ಗಾಡಿಯ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕೊರೆದು ಖಾಲಿ ಮಾಡುವುದು, ಇವೆರಡನ್ನೂ ಯಾರು ಹೇಳಿದರೂ ಮಾಡಬೇಡಿ. ಆ ಹೊಗೆ ಕುಡಿಯುವುದು ನಿಮ್ಮ ಹಿಂದೆ ಸ್ಕೂಟರಿನಲ್ಲಿ ಬರುವವರು.

ಮೊದಲ ಹೆಜ್ಜೆ: ಈಗಿನ ಸ್ಥಿತಿ ಬರೆದಿಟ್ಟುಕೊಳ್ಳಿ

ಅಳೆಯದೆ ಮಾಡಿದ ಕೆಲಸ ಬರೀ ನಂಬಿಕೆ. ಒಬಿಡಿ ಅಡಾಪ್ಟರ್ ಒಂದು ತೆಗೆದುಕೊಳ್ಳಿ. ಸಾವಿರ ರೂಪಾಯಿ ಒಳಗೇ ಸಿಗುತ್ತದೆ. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಚುಚ್ಚಿ ಮೊಬೈಲ್‌ಗೆ ಜೋಡಿಸಿದರೆ ಎಂಜಿನ್‌ನ ಲೆಕ್ಕಗಳು ಕಾಣುತ್ತವೆ. ತುಂಬ ಹಳೇ ಗಾಡಿಗೆ ಸಾಮಾನ್ಯ ಆ್ಯಪ್ ಒಗ್ಗದಿದ್ದರೆ ಗ್ಯಾರೇಜಿನ ಸ್ಕ್ಯಾನರ್ ಬೇಕಾಗುತ್ತದೆ.

ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾತ್ರ ಮಾಡಿ. ಮ್ಯಾನಿಫೋಲ್ಡ್ ಒತ್ತಡ ನೋಡಿ. ಎಂಜಿನ್ ನಿಂತಿರುವಾಗ ಅಲ್ಲಿ ಇರುವುದು ಹೊರಗಿನ ಗಾಳಿಯ ಒತ್ತಡವೇ. ಮಂಗಳೂರಿನಲ್ಲಿ ಅದು 100ರಿಂದ 101 ಕಿಲೋಪಾಸ್ಕಲ್ ತೋರಿಸಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಅಲ್ಲಿ 91 ಆಸುಪಾಸು. ಬೆಂಗಳೂರಿನಲ್ಲಿ ನಿಂತ ಗಾಡಿ 100 ಅಥವಾ 82 ತೋರಿಸಿದರೆ ಆ ಸೆನ್ಸರ್ ಮೇಲೆಯೇ ಅನುಮಾನ ಪಡಿ. ಕರಾವಳಿಯಿಂದ ಘಟ್ಟ ಹತ್ತಿದ ಮೇಲೆ ಗಾಡಿ ಸ್ವಲ್ಪ ಮಂದವಾಯಿತು ಅನ್ನಿಸುವುದಕ್ಕೂ ಇದೇ ಕಾರಣ, ಗಾಳಿಯೇ ತೆಳು.

ಆಮೇಲೆ ಒಳಗೆ ಹೋಗುವ ಗಾಳಿಯ ಬಿಸಿ ನೋಡಿ. ಆ್ಯಪ್‌ನಲ್ಲಿ ಎರಡು ತಾಪಮಾನ ತೋರಿಸಿದರೆ ಮಾಫ್ ಹತ್ತಿರದ್ದನ್ನು ಗಮನಿಸಿ. ಟರ್ಬೋ ಆದಮೇಲಿನದು ಹೇಗೂ ಜಾಸ್ತಿ ಇರುತ್ತದೆ. ಹೈವೇಯಲ್ಲಿ 60 ಕಿಲೋಮೀಟರ್ ವೇಗದಲ್ಲಿ ಹತ್ತು ನಿಮಿಷ ಒಂದೇ ಸಮ ಓಡಿಸಿ. ಹೊರಗಿನ ಬಿಸಿಗಿಂತ ಐದರಿಂದ ಹತ್ತು ಡಿಗ್ರಿ ಜಾಸ್ತಿ ಇದ್ದರೆ ಚೆನ್ನಾಗಿದೆ. ಇಪ್ಪತ್ತು, ಇಪ್ಪತ್ತೈದು ಜಾಸ್ತಿ ಇದ್ದರೆ ಡಕ್ಟ್ ಎಲ್ಲೋ ಬಿಟ್ಟುಹೋಗಿದೆ, ಗಾಡಿ ಬಾನೆಟ್ ಒಳಗಿನ ಬಿಸಿ ಗಾಳಿ ಎಳೆಯುತ್ತಿದೆ. ಸಿಗ್ನಲ್‌ನಲ್ಲಿ ನಿಂತಾಗಿನ ಲೆಕ್ಕವನ್ನೂ ಬರೆದುಕೊಳ್ಳಿ.

ಕೊನೆಗೆ ಓಟ. ಜನ, ವಾಹನ ಇಲ್ಲದ ಸಮತಟ್ಟಾದ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ 40ರಿಂದ 80ಕ್ಕೆ ಏರಲು ಎಷ್ಟು ಸೆಕೆಂಡ್ ಬೇಕು ನೋಡಿ. ಎಸಿ ಆಫ್ ಇರಲಿ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಹೀಗೆ ಮೂರು ಜೊತೆ ಮಾಡಿ ಸರಾಸರಿ ತೆಗೆಯಿರಿ. ಪಕ್ಕದಲ್ಲಿ ಕೂತವರು ಬರೆದುಕೊಳ್ಳಲಿ, ಓಡಿಸುವವರ ಕಣ್ಣು ರಸ್ತೆ ಮೇಲೇ ಇರಲಿ. ಕೆಲಸ ಆದಮೇಲೆ ಅದೇ ರಸ್ತೆಯಲ್ಲಿ, ಅದೇ ಹೊತ್ತಿನಲ್ಲಿ, ಅಷ್ಟೇ ಜನರನ್ನು ಕೂರಿಸಿಕೊಂಡು ಮತ್ತೆ ಮಾಡಬೇಕು.

ಎರಡನೇ ಹೆಜ್ಜೆ: ಸೋರಿಕೆ ಹುಡುಕಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಜಾಸ್ತಿ ಫಲ ಕೊಡುವುದು ಇದೇ. ಹಾಗಾಗಿ ಇಲ್ಲಿ ಆತುರ ಬೇಡ.

ಟರ್ಬೋದಿಂದ ಮ್ಯಾನಿಫೋಲ್ಡ್‌ಗೆ ಹೋಗುವ ಹೋಸ್ ಬಿಸಿ ಮತ್ತು ಎಣ್ಣೆಗೆ ಸಿಕ್ಕಿ ವರ್ಷಗಳಲ್ಲಿ ಮೆತ್ತಗಾಗುತ್ತದೆ ಅಥವಾ ಸೀಳುತ್ತದೆ. ಸೀಳು ಸಾಮಾನ್ಯವಾಗಿ ಕೆಳಭಾಗದಲ್ಲಿ, ಕಣ್ಣಿಗೆ ಬೀಳದ ಕಡೆ. ಐಡಲ್‌ನಲ್ಲಿ ಟರ್ಬೋ ಒತ್ತಡ ಇಲ್ಲದ ಕಾರಣ ಏನೂ ಗೊತ್ತಾಗುವುದಿಲ್ಲ. ಏರು ಹತ್ತುವಾಗ ಸೀಳು ಬಾಯಿ ಬಿಡುತ್ತದೆ. ಮಾಫ್ ಅಳೆದ ಗಾಳಿ ಎಂಜಿನ್ ಸೇರುವ ಮೊದಲೇ ಹೊರಗೆ ಹೋಗುತ್ತದೆ. ಡೀಸೆಲ್ ಮಾತ್ರ ಅಳೆದಷ್ಟು ಗಾಳಿಗೆ ತಕ್ಕಂತೆ ಚಿಮ್ಮುತ್ತದೆ. ಫಲ ಕಪ್ಪು ಹೊಗೆ, ಕೆಲವೊಮ್ಮೆ ಟರ್ಬೋ ಒತ್ತಡ ಸಾಲದು ಎಂದು ಹೇಳುವ ಪಿ0299 ಎಂಬ ಕೋಡ್.

ಮೊದಲು ಟಾರ್ಚ್ ಹಿಡಿದು ಪ್ರತಿ ಜಾಯಿಂಟ್ ನೋಡಿ. ಈ ಪೈಪಿನಲ್ಲಿ ಎಂಜಿನ್ ಆಯಿಲ್‌ನ ಸಣ್ಣ ಆವಿ ಯಾವಾಗಲೂ ಇರುತ್ತದೆ. ಗಾಳಿ ಸೋರುವ ಕಡೆ ಆ ಎಣ್ಣೆಗೆ ಧೂಳು ಅಂಟಿ ಕಪ್ಪು ಜಿಡ್ಡು ಕಟ್ಟಿರುತ್ತದೆ. ಕ್ಲಿಪ್ ಸುತ್ತ ಹೊಸ ಎಣ್ಣೆ ಕಂಡರೆ ಅದನ್ನೇ ಮೊದಲು ಬಿಚ್ಚಿ. ಹೋಸನ್ನು ಬಗ್ಗಿಸಿ, ಹಿಂಡಿ ನೋಡಿ. ಒಳಗಿನ ದಾರ ಕಾಣುತ್ತಿದ್ದರೆ ಬದಲಿಸಿ. ಟೇಪ್ ಸುತ್ತಿ ಓಡಿಸುವುದು ಊರು ಮುಟ್ಟಲು ಮಾತ್ರ ಸರಿ.

ಕಣ್ಣಿಗೆ ಕಾಣದಿದ್ದರೆ ಒತ್ತಡ ಹಾಕಿ ನೋಡಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ನಿಮ್ಮ ಪೈಪಿನ ಅಳತೆಗೆ ಹೊಂದುವ ಪಿವಿಸಿ ಎಂಡ್ ಕ್ಯಾಪ್ ಸಿಗುತ್ತದೆ. ಅದರ ನಡುವೆ ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿ. ಫಿಲ್ಟರ್ ಡಬ್ಬಿಯಿಂದ ಬರುವ ರಬ್ಬರ್ ಪೈಪನ್ನು ಮಾಫ್ ಆದಮೇಲೆ ಬಿಚ್ಚಿ, ಟರ್ಬೋ ಕಡೆಯ ತುದಿಗೆ ಈ ಕ್ಯಾಪ್ ಹಾಕಿ ಕ್ಲಿಪ್ ಬಿಗಿ ಮಾಡಿ. ಆ ಪೈಪಿಗೆ ಎಂಜಿನ್‌ನಿಂದ ಬರುವ ಬ್ರೀದರ್ ಹೋಸ್ ಸೇರಿರುತ್ತದೆ. ಅದನ್ನು ತೆಗೆದು, ಪೈಪಿನ ಕಡೆಯ ಬಾಯಿ ಮುಚ್ಚಿ. ಇಲ್ಲವಾದರೆ ಒತ್ತಡ ಎಂಜಿನ್ ಒಳಗೆ ನುಗ್ಗಿ ಆಯಿಲ್ ಸೀಲುಗಳಿಗೆ ತೊಂದರೆ.

ಈಗ ಕಾಲಿನ ಪಂಪ್‌ನಿಂದ ಗಾಳಿ ತುಂಬಿ. 7 ಪಿಎಸ್‌ಐ ದಾಟಬೇಡಿ. ಗ್ಯಾರೇಜಿನ ದೊಡ್ಡ ಕಂಪ್ರೆಸರ್ ಇಲ್ಲಿ ಬೇಡವೇ ಬೇಡ. ಒಬ್ಬರು ಪಂಪ್ ಮಾಡುತ್ತಿರಲಿ, ಇನ್ನೊಬ್ಬರು ಪಾತ್ರೆ ತೊಳೆಯುವ ಸೋಪಿನ ನೊರೆಯನ್ನು ಬ್ರಷ್‌ನಿಂದ ಜಾಯಿಂಟ್‌ಗಳಿಗೆ ಹಚ್ಚಲಿ. ಗುಳ್ಳೆ ಎದ್ದ ಕಡೆ ಸೋರಿಕೆ. ಆಯಿಲ್ ಡಿಪ್‌ಸ್ಟಿಕ್ ಕಡೆಯಿಂದ ಸಣ್ಣಗೆ ಗಾಳಿ ಬರುವುದು ಸಹಜ, ಪಿಸ್ಟನ್ ರಿಂಗ್ ಪೂರ್ತಿ ಗಾಳಿ ತಡೆಯುವುದಿಲ್ಲ. ಸೈಲೆನ್ಸರ್ ಬಾಯಲ್ಲಿ ಗಾಳಿ ಬಂದರೆ ಗಾಡಿಯನ್ನು ಗೇರಿನಲ್ಲಿಟ್ಟು ಸ್ವಲ್ಪ ಮುಂದೆ ತಳ್ಳಿ ಮತ್ತೆ ನೋಡಿ. ಆಗಲೂ ಬಂದರೆ ಇಜಿಆರ್ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ ಎಂಬ ಅನುಮಾನ ಬಲವಾಗುತ್ತದೆ.

ಕ್ಲಿಪ್ ಬಿಗಿ ಮಾಡುವಾಗ ಹೋಸಿನ ಕೊನೆ ಪ್ಲಾಸ್ಟಿಕ್ ಮೇಲಿನ ಉಬ್ಬನ್ನು ದಾಟಿ ಕೂತಿದೆಯೇ ನೋಡಿ. ಕ್ಲಿಪ್ ಆ ಉಬ್ಬಿನ ಹಿಂದೆ ಬರಬೇಕು. ಜಾಸ್ತಿ ತಿರುಗಿಸಿದರೆ ರಬ್ಬರ್ ಕತ್ತರಿಸಿಹೋಗುತ್ತದೆ.

ಮೂರನೇ ಹೆಜ್ಜೆ: ಡಬ್ಬಿ ಮತ್ತು ಫಿಲ್ಟರ್

ಡಬ್ಬಿ ಬಿಚ್ಚಿ ಫಿಲ್ಟರ್ ತೆಗೆಯಿರಿ. ಬಿಳಿ ಬಟ್ಟೆಯೊಂದನ್ನು ಬೆರಳಿಗೆ ಸುತ್ತಿಕೊಂಡು ಫಿಲ್ಟರ್ ಆದಮೇಲಿನ ಭಾಗವನ್ನು ಒರೆಸಿ. ಮಾಫ್‌ಗೆ ಮಾತ್ರ ಬೆರಳು ತಾಗಬಾರದು. ಬಟ್ಟೆಗೆ ಕೆಂಪು ಅಥವಾ ಬೂದು ಧೂಳು ಹತ್ತಿದರೆ ಫಿಲ್ಟರ್ ತಪ್ಪಿಸಿಕೊಂಡು ಧೂಳು ಒಳಗೆ ಹೋಗುತ್ತಿದೆ. ಇದು ಪಿಕಪ್‌ಗಿಂತ ದೊಡ್ಡ ವಿಷಯ. ಮಣ್ಣಿನ ಸಿಲಿಕಾ ಕಣ ಟರ್ಬೋದ ರೆಕ್ಕೆಗಳನ್ನೂ ಸಿಲಿಂಡರ್ ಗೋಡೆಯನ್ನೂ ಸವೆಸುತ್ತದೆ. ಸವೆದದ್ದು ವಾಪಸ್ ಬರುವುದಿಲ್ಲ. ಡಬ್ಬಿಯ ಮುಚ್ಚಳ ಸೊಟ್ಟಗಾಗಿದೆಯೇ, ಕ್ಲಿಪ್ ಮುರಿದಿದೆಯೇ, ಫಿಲ್ಟರ್ ಅಂಚಿನ ರಬ್ಬರ್ ತೋಡಿನಲ್ಲಿ ಸರಿಯಾಗಿ ಕೂರುತ್ತಿದೆಯೇ ನೋಡಿ. ನಕಲಿ ಫಿಲ್ಟರ್‌ಗಳಲ್ಲಿ ಈ ಅಂಚೇ ತೆಳುವಾಗಿರುತ್ತದೆ. ಬಿಲ್ ಕೊಡುವ ಅಂಗಡಿಯಲ್ಲೇ ತೆಗೆದುಕೊಳ್ಳಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಸಲಿಯೂ ಸಿಗುತ್ತದೆ, ನಕಲಿಯೂ ಸಿಗುತ್ತದೆ.

ತೊಳೆದು ಮತ್ತೆ ಹಾಕುವ ಹತ್ತಿಬಟ್ಟೆಯ ಫಿಲ್ಟರ್ ಹಾಕಬೇಕಾ ಅಂತ ತುಂಬ ಜನ ಕೇಳುತ್ತಾರೆ. ಕಂಪನಿ ಡಬ್ಬಿಯೊಳಗೇ ಕೂರುವುದರಿಂದ ಅದೂ ಹೊರಗೆ ಕಾಣುವುದಿಲ್ಲ. ನಾನು ಹಾಕಿ ಅನ್ನುವುದಿಲ್ಲ. ಅದರಲ್ಲಿ ಗಾಳಿ ಸ್ವಲ್ಪ ಸಲೀಸಾಗಿ ಹೋಗುತ್ತದೆ ನಿಜ. ಆದರೆ ಒಳ್ಳೆಯ ಪೇಪರ್ ಫಿಲ್ಟರ್‌ನಷ್ಟು ಸಣ್ಣ ಧೂಳನ್ನು ಅದು ಹಿಡಿಯುವುದಿಲ್ಲ. ತೊಳೆದ ಮೇಲೆ ಎಣ್ಣೆ ಜಾಸ್ತಿ ಹಚ್ಚಿದರೆ ಅದು ಹಾರಿ ಮಾಫ್ ಮೇಲೆ ಕೂರುತ್ತದೆ. ಕಲಬುರಗಿ, ರಾಯಚೂರಿನ ಒಣ ಧೂಳು, ಬಳ್ಳಾರಿಯ ಗಣಿ ರಸ್ತೆ, ಮಲೆನಾಡಿನ ಕೆಂಪು ಮಣ್ಣು, ಇವುಗಳ ನಡುವೆ ಓಡುವ ಗಾಡಿಗೆ ಪೇಪರ್ ಫಿಲ್ಟರೇ ಸರಿ. ಬದಲಿಗೆ ಮ್ಯಾನ್ಯುವಲ್‌ನಲ್ಲಿ ಹೇಳಿದ್ದಕ್ಕಿಂತ ಬೇಗ ಹೊಸದು ಹಾಕಿ. ಧೂಳಿನ ರಸ್ತೆಯಲ್ಲಿ ಓಡುವ ಗಾಡಿಗೆ ಅರ್ಧ ಅವಧಿಗೇ ಬದಲಿಸಿದರೂ ದುಬಾರಿಯಲ್ಲ.

ಇನ್ನೊಂದು ಅಭ್ಯಾಸ ಬಿಡಬೇಕು. ಸರ್ವಿಸ್‌ಗೆ ಬಿಟ್ಟಾಗ ಫಿಲ್ಟರ್ ತೆಗೆದು ಕಂಪ್ರೆಸರ್‌ನಿಂದ ಜೋರಾಗಿ ಗಾಳಿ ಹೊಡೆದು ಹಾಕುತ್ತಾರೆ. ಪೇಪರ್‌ನಲ್ಲಿ ಕಣ್ಣಿಗೆ ಕಾಣದ ತೂತು ಬೀಳುವುದು ಹೀಗೆಯೇ. ಊದಲೇಬೇಕಾದರೆ ಕಡಿಮೆ ಒತ್ತಡದಲ್ಲಿ, ದೂರದಿಂದ, ಸ್ವಚ್ಛ ಬದಿಯಿಂದ ಕೊಳೆ ಬದಿಗೆ ಊದಿ. ಆಮೇಲೆ ಕತ್ತಲಲ್ಲಿ ಹಿಂದೆ ಟಾರ್ಚ್ ಹಿಡಿದು ನೋಡಿ. ಸೂಜಿಮೊನೆಯಷ್ಟು ಬೆಳಕು ಕಂಡರೂ ಆ ಫಿಲ್ಟರ್ ಎಸೆಯಿರಿ.

ನಾಲ್ಕನೇ ಹೆಜ್ಜೆ: ತಣ್ಣನೆಯ ಗಾಳಿ

ಕೋನ್ ಫಿಲ್ಟರ್ ಬೇಡ ಅನ್ನುವುದು ಯಾಕೆ ಅಂತ ಇಲ್ಲಿ ಲೆಕ್ಕ ಹಾಕೋಣ. 25 ಡಿಗ್ರಿ ಗಾಳಿಗೂ 55 ಡಿಗ್ರಿ ಗಾಳಿಗೂ ಸಾಂದ್ರತೆಯಲ್ಲಿ ಸುಮಾರು ಶೇ 9 ವ್ಯತ್ಯಾಸ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ತೆವಳುವಾಗ ಬಾನೆಟ್ ಒಳಗೆ 55 ಡಿಗ್ರಿ ದಾಟುವುದು ದೊಡ್ಡ ವಿಷಯವೇ ಅಲ್ಲ. ಕೋನ್ ಫಿಲ್ಟರ್ ಎಳೆಯುವುದು ಆ ಗಾಳಿಯನ್ನೇ. ಫಿಲ್ಟರ್ ಸಲೀಸಾಗಿದ್ದರಿಂದ ಸಿಕ್ಕಿದ್ದಕ್ಕಿಂತ ಹೆಚ್ಚು ಬಿಸಿಯಿಂದ ಕಳೆದುಹೋಗುತ್ತದೆ. ಟರ್ಬೋ ಗಾಳಿಯನ್ನು ಒತ್ತುವಾಗ ಅದು ಇನ್ನೂ ಬಿಸಿಯಾಗುತ್ತದೆ. 1 ಬಾರ್ ಒತ್ತಡ ಏರಿಸಿದರೆ ಸುಮಾರು 100 ಡಿಗ್ರಿ ಕೂಡಿಕೊಳ್ಳುತ್ತದೆ. ಇಂಟರ್‌ಕೂಲರ್ ಇಲ್ಲದ ಗಾಡಿಯಲ್ಲಿ ಅಷ್ಟೂ ಬಿಸಿ ನೇರ ಸಿಲಿಂಡರ್‌ಗೆ. ಅಂಥ ಗಾಡಿಗೆ ಬಾಯಲ್ಲಿ ಹೋಗುವ ಗಾಳಿ ತಣ್ಣಗಿರುವುದು ಇನ್ನೂ ಮುಖ್ಯ.

ಕಂಪನಿಯವರು ಡಕ್ಟ್ ಬಾಯಿಯನ್ನು ಮುಂದಕ್ಕೆ ತಂದಿಟ್ಟಿರುವುದು ಇದಕ್ಕೇ. ಆದರೆ ಬಂಪರ್ ಗುದ್ದಿ ರಿಪೇರಿಯಾದ ಗಾಡಿಗಳಲ್ಲಿ ಈ ಡಕ್ಟ್ ಎಷ್ಟೋ ಸಲ ಮುರಿದಿರುತ್ತದೆ, ಇಲ್ಲವೇ ಹಾಕುವುದನ್ನೇ ಮರೆತಿರುತ್ತಾರೆ. ಗಾಡಿ ಓಡುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಂಡ ಗಾಡಿಯಾದರೆ ಮೊದಲು ಇದನ್ನೇ ನೋಡಿ. ಇಲ್ಲದಿದ್ದರೆ ಪಾರ್ಟ್ ನಂಬರ್ ನೋಡಿ ಅಸಲಿ ಡಕ್ಟ್ ತರಿಸಿ. ಇಡೀ ಲೇಖನದಲ್ಲಿ ಒಂದೇ ಒಂದು ಭಾಗ ಕೊಳ್ಳಲು ದುಡ್ಡಿದೆ ಅಂದರೆ ಇದನ್ನು ಕೊಳ್ಳಿ ಅನ್ನುತ್ತೇನೆ.

ಡಕ್ಟ್ ಇದ್ದರೆ ಅದರ ಬಾಯಿಗೂ ಮುಂದಿನ ಪ್ಯಾನೆಲ್‌ಗೂ ನಡುವೆ ಎಷ್ಟು ಸಂದು ಇದೆ ನೋಡಿ. ಆ ಸಂದಿನಿಂದ ರೇಡಿಯೇಟರ್ ದಾಟಿದ ಬಿಸಿ ಗಾಳಿ ತಿರುಗಿ ಬರುತ್ತದೆ. ಕಾರಿನ ಬಾಗಿಲಿಗೆ ಹಾಕುವ ಡಿ ಆಕಾರದ ರಬ್ಬರ್ ಬೀಡಿಂಗ್ ಅಂಟಿಸಿ ಸಂದು ಮುಚ್ಚಿ. ಡಬ್ಬಿಯ ಎಂಜಿನ್ ಕಡೆಯ ಮುಖಕ್ಕೆ ಬಿಸಿ ತಡೆಯುವ ಅಲ್ಯೂಮಿನಿಯಂ ಶೀಟ್ ಅಂಟಿಸಬಹುದು. ಹೊಳೆಯುವುದು ಬೇಡ ಅನ್ನುವವರಿಗೆ ಕಪ್ಪು ಬಣ್ಣದ್ದೂ ಸಿಗುತ್ತದೆ. ಅಂಟಿಸುವ ಮೊದಲು ಪ್ಲಾಸ್ಟಿಕ್ ಚೆನ್ನಾಗಿ ಒರೆಸಿ ಒಣಗಿಸಿ. ಬೆಲ್ಟ್, ಫ್ಯಾನ್, ಟರ್ಬೋ ಹತ್ತಿರ ಸಡಿಲವಾಗಿ ಏನೂ ನೇತಾಡಬಾರದು.

ಡಕ್ಟ್ ಪಕ್ಕದಲ್ಲಿ ಖಾಲಿ ಡಬ್ಬದ ಹಾಗೆ ಅಂಟಿಕೊಂಡಿರುವುದು ರೆಸೊನೇಟರ್. ಸುಮ್ನೆ ಜಾಗ ತಿನ್ನುತ್ತದೆ ಅಂತ ಕೆಲವರು ಅದನ್ನು ಕಿತ್ತು ಹಾಕುತ್ತಾರೆ. ಅದು ಶಬ್ದ ಅಡಗಿಸಲು ಇರುವುದು, ಗಾಳಿಯನ್ನು ತಡೆಯುವುದಿಲ್ಲ. ಇರಲಿ ಬಿಡಿ.

ಡಕ್ಟ್ ಬಾಯಿಯನ್ನು ಬಂಪರ್ ಕೆಳಗೆ ಇಳಿಸಿದರೆ ಇನ್ನೂ ತಣ್ಣನೆ ಗಾಳಿ ಸಿಗುತ್ತದೆ, ಅಲ್ವಾ? ಸಿಗುತ್ತದೆ, ಆದರೆ ಜೊತೆಗೆ ನೀರೂ ಸಿಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಹೇಗೆ ಕೆರೆಯಾಯಿತು ಎಂಬುದು ನೆನಪಿರಬೇಕು. ಈ ಎಂಜಿನ್‌ನ ಒಂದು ಸಿಲಿಂಡರ್ 312 ಸಿಸಿ. ಕಂಪ್ರೆಷನ್ ಅನುಪಾತ 17.6 ಎಂದು ಹಿಡಿದರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 19 ಮಿಲಿಲೀಟರ್. ನಾಲ್ಕು ಟೀ ಚಮಚದಷ್ಟು ನೀರು ಒಳಗೆ ಹೋದರೆ ಅದನ್ನು ಒತ್ತಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆ ರಿಪೇರಿ ಖರ್ಚು ಹಳೇ ಗಾಡಿಯ ಬೆಲೆಗೇ ಸಮ ಬರಬಹುದು. ಡಕ್ಟ್ ಬಾಯಿ ಕಂಪನಿ ಇಟ್ಟ ಎತ್ತರದಿಂದ ಒಂದು ಇಂಚೂ ಕೆಳಗೆ ಬರಬಾರದು. ಡಬ್ಬಿಯ ತಳದಲ್ಲಿರುವ ಸಣ್ಣ ನೀರು ಹೋಗುವ ತೂತನ್ನೂ ಮುಚ್ಚಬೇಡಿ.

ಐದನೇ ಹೆಜ್ಜೆ: ಮಾಫ್ ಸೆನ್ಸರ್

ಮಾಫ್ ಒಳಗೆ ಕೂದಲಿಗಿಂತ ಸೂಕ್ಷ್ಮವಾದ ಬಿಸಿ ಪದರ ಇದೆ. ಗಾಳಿ ಅದನ್ನು ಎಷ್ಟು ತಣ್ಣಗೆ ಮಾಡುತ್ತದೆ ಎಂಬುದರಿಂದ ಇಸಿಯು ಗಾಳಿಯ ಲೆಕ್ಕ ಹಾಕುತ್ತದೆ. ಅದರ ಮೇಲೆ ಧೂಳು, ಎಣ್ಣೆ ಕೂತರೆ ತಣ್ಣಗಾಗುವುದು ನಿಧಾನ, ಲೆಕ್ಕ ಕಡಿಮೆ. ಇಸಿಯು ಡೀಸೆಲ್ ಕಡಿಮೆ ಮಾಡುತ್ತದೆ. ಚೆಕ್ ಎಂಜಿನ್ ಲೈಟ್ ಬರದೆಯೂ ಹೀಗಾಗುತ್ತದೆ, ಅದೇ ಕಷ್ಟ.

ಇಗ್ನಿಷನ್ ಆಫ್ ಮಾಡಿ, ಕನೆಕ್ಟರ್ ಬಿಚ್ಚಿ, ಸ್ಕ್ರೂ ತೆಗೆದು ಸೆನ್ಸರನ್ನು ನೇರವಾಗಿ ಹೊರಗೆ ಎಳೆಯಿರಿ. ಮಾಫ್ ಕ್ಲೀನರ್ ಎಂದೇ ಮಾರುವ ಸ್ಪ್ರೇ ಬಳಸಿ. ಕಾರ್ಬೊರೇಟರ್ ಕ್ಲೀನರ್, ಪೆಟ್ರೋಲ್, ಇಯರ್ ಬಡ್ ಯಾವುದೂ ಬೇಡ. ನಾಲ್ಕು ಇಂಚು ದೂರದಿಂದ ಹತ್ತು ಹನ್ನೆರಡು ಸಲ ಚಿಮ್ಮಿಸಿ, ಅರ್ಧ ಗಂಟೆ ನೆರಳಲ್ಲಿ ತಾನಾಗಿ ಒಣಗಲು ಬಿಡಿ. ಬಾಯಿಂದ ಊದಬೇಡಿ.

ಮಾಫ್ ಕೂರುವ ಪೈಪನ್ನು ದೊಡ್ಡದು ಮಾಡುವ ಆಸೆ ಕೆಲವರಿಗೆ ಬರುತ್ತದೆ. ಅದನ್ನು ಬಿಟ್ಟುಬಿಡಿ. ಪೈಪಿನ ವ್ಯಾಸ ಶೇ 10 ಜಾಸ್ತಿಯಾದರೆ ಅಡ್ಡಳತೆಯ ಜಾಗ ಶೇ 21 ಜಾಸ್ತಿಯಾಗುತ್ತದೆ. ಅಷ್ಟೇ ಗಾಳಿ ನಿಧಾನವಾಗಿ ಹರಿಯುತ್ತದೆ. ಸೆನ್ಸರ್ ಇದ್ದದ್ದಕ್ಕಿಂತ ಸುಮಾರು ಶೇ 17 ಕಡಿಮೆ ಲೆಕ್ಕ ಕೊಡುತ್ತದೆ. ದಾರಿ ದೊಡ್ಡದಾಗಿ ಶಕ್ತಿ ಕಡಿಮೆಯಾಗುವುದು ಹೀಗೆ. ಮಾಫ್ ಮುಂದಿನ ಜಾಲರಿಯನ್ನೂ ತೆಗೆಯಬೇಡಿ. ಗಾಳಿ ನೇರವಾಗಿ ಹರಿಯಲೆಂದೇ ಅದು ಇದೆ.

ಆರನೇ ಹೆಜ್ಜೆ: ಇಜಿಆರ್ ಮತ್ತು ಮ್ಯಾನಿಫೋಲ್ಡ್

ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ಕೈಪಳಗಿದ ಮೆಕ್ಯಾನಿಕ್‌ಗೆ ಕೊಡಿ. ಇಜಿಆರ್‌ನಿಂದ ಬರುವ ಮಸಿ, ಬ್ರೀದರ್‌ನಿಂದ ಬರುವ ಎಣ್ಣೆ ಆವಿ ಸೇರಿ ಮ್ಯಾನಿಫೋಲ್ಡ್ ಗೋಡೆಯ ಮೇಲೆ ಟಾರ್ ಥರ ಗಟ್ಟಿಯಾಗುತ್ತದೆ. ಬರೀ ಸಿಟಿಯಲ್ಲಿ, ಸಣ್ಣ ದೂರ ಓಡುವ ಗಾಡಿಗಳಲ್ಲಿ ಇದು ಜಾಸ್ತಿ. ಎರಡನ್ನೂ ಬಿಚ್ಚಿ, ಹೊರಗಿಟ್ಟು ತೊಳೆದು, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಬೇಕು. ಓಡುವ ಎಂಜಿನ್‌ಗೆ ಸ್ಪ್ರೇ ಹೊಡೆದು ಮಸಿ ತೆಗೆಯುತ್ತೇವೆ ಅಂದರೆ ಒಪ್ಪಬೇಡಿ. ದೊಡ್ಡ ಮಸಿ ತುಂಡು ಕಳಚಿ ವಾಲ್ವ್ ಕೆಳಗೆ ಸಿಕ್ಕಿದರೆ ಕಷ್ಟ. ಸ್ಪ್ರೇ ತಾನೇ ಉರಿದು ಎಂಜಿನ್ ಕೈಮೀರುವ ಅಪಾಯವೂ ಡೀಸೆಲ್‌ನಲ್ಲಿ ಇದೆ. ಇಜಿಆರ್ ತೊಳೆದ ಮೇಲೆ ಅದು ಪೂರ್ತಿ ತೆರೆದು ಪೂರ್ತಿ ಮುಚ್ಚುತ್ತಿದೆ ಎಂಬುದನ್ನು ಸ್ಕ್ಯಾನರ್‌ನಲ್ಲಿ ತೋರಿಸಲು ಹೇಳಿ.

ಎಲ್ಲ ಜೋಡಿಸಿದ ಮೇಲೆ

ಸ್ಟಾರ್ಟ್ ಮಾಡುವ ಮೊದಲು ಡಕ್ಟ್‌ನಿಂದ ಮ್ಯಾನಿಫೋಲ್ಡ್‌ವರೆಗೆ ಮತ್ತೊಮ್ಮೆ ಕೈಯಾಡಿಸಿ. ಬಟ್ಟೆ ತುಂಡು, ಸ್ಕ್ರೂ, ಬ್ರೀದರ್‌ಗೆ ಹಾಕಿದ ಮುಚ್ಚಳ ಒಳಗೆ ಉಳಿದಿಲ್ಲ ತಾನೇ? ಟರ್ಬೋ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಒಂದು ಸಣ್ಣ ಸ್ಕ್ರೂ ಹೋದರೂ ಅದರ ಕಥೆ ಮುಗಿಯಿತು. ಐದು ನಿಮಿಷ ಐಡಲ್‌ನಲ್ಲಿ ಬಿಟ್ಟು, ಕೋಡ್ ಏನಾದರೂ ಬಂದಿದೆಯೇ ನೋಡಿ. ಆಮೇಲೆ ನಿಧಾನವಾಗಿ ಓಡಿಸಿ.

ಮೊದಲು ಬರೆದಿಟ್ಟ ಲೆಕ್ಕಗಳನ್ನು ಈಗ ಹೋಲಿಸಿ. ಹೋಸ್ ಸೀಳಿದ್ದ ಗಾಡಿಯಾದರೆ 40ರಿಂದ 80ಕ್ಕೆ ಏರುವ ಸಮಯದಲ್ಲಿ ಸ್ಪಷ್ಟ ವ್ಯತ್ಯಾಸ ಕಾಣುತ್ತದೆ. ಡಕ್ಟ್ ಇಲ್ಲದ ಗಾಡಿಯಾದರೆ ಒಳಗಿನ ಗಾಳಿಯ ಬಿಸಿ ಇಳಿಯುತ್ತದೆ, ಟ್ರಾಫಿಕ್‌ನಿಂದ ಹೊರಬಂದು ಒತ್ತಿದಾಗ ಗಾಡಿ ಬೇಗ ಏಳುತ್ತದೆ. 2000 ಆರ್‌ಪಿಎಂ ಕೆಳಗಿನ ಮಂಕುತನ ಕಡಿಮೆಯಾಗಬಹುದು, ಪೂರ್ತಿ ಹೋಗುವುದಿಲ್ಲ. ಅದು ಟರ್ಬೋದ ಸ್ವಭಾವ. ಆಗುಂಬೆಯ ತಿರುವುಗಳಲ್ಲಿ ಗೇರ್ ಇಳಿಸಿಯೇ ಓಡಿಸಬೇಕು. ಮೊದಲೇ ಎಲ್ಲ ಸರಿಯಿದ್ದ ಗಾಡಿಯಾದರೆ ಲೆಕ್ಕ ಹೆಚ್ಚು ಕಡಿಮೆ ಅಷ್ಟೇ ಬರುತ್ತದೆ. ಆಗ ನಿಮ್ಮ ಇನ್‌ಟೇಕ್ ಗಟ್ಟಿಮುಟ್ಟಾಗಿದೆ ಎಂದು ಖಾತ್ರಿಯಾಯಿತು. ಪಿಕಪ್ ಸಮಸ್ಯೆ ಇನ್ನೂ ಇದ್ದರೆ ಡೀಸೆಲ್ ಫಿಲ್ಟರ್, ಇಂಜೆಕ್ಟರ್, ಕ್ಲಚ್ ಕಡೆ ನೋಡಿ.

ಮುಂದಿನ ಎಮಿಷನ್ ಟೆಸ್ಟ್‌ನ ಚೀಟಿಯನ್ನೂ ಹಳೆಯದರ ಜೊತೆ ಇಟ್ಟು ನೋಡಿ. ಬಿಎಸ್4 ಡೀಸೆಲ್‌ಗೆ ಹೊಗೆಯ ಮಿತಿ 1.62, ಅದಕ್ಕಿಂತ ಹಳೆಯದಕ್ಕೆ 2.45. ಸೋರಿಕೆ ನಿಂತ ಗಾಡಿಯಲ್ಲಿ ಈ ಅಂಕಿ ಇಳಿಯಬೇಕು. ಇಳಿಯದೆ ಏರಿದ್ದರೆ ಎಲ್ಲೋ ಒಂದು ಕ್ಲಿಪ್ ಸರಿಯಾಗಿ ಕೂತಿಲ್ಲದಿರಬಹುದು. ಎರಡನೇ ಹೆಜ್ಜೆಗೆ ಹೋಗಿ ಸೋಪಿನ ನೊರೆ ಮತ್ತೆ ಹಚ್ಚಿ.